ದೊಡ್ಡಮ್ಮ ಮುದ್ದೆ ಮಾಡೋದನ್ನ ಶೂಟ್ ಮಾಡಿದ್ದೀನಿ, ಇದರಲ್ಲಿ ಸಿನಿಮಾ ಇದೆಯಾ?

ಮಧುಗಿರಿ_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಧುಗಿರಿ ಕಡೆಯವಳು. ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ, ವಿಜಯನಗರದಲ್ಲಿ ಪಿಜಿ. ಹತ್ತು ನಿಮಿಷದ ಒಂದು ಕಿರುಚಿತ್ರ ಮಾಡಬೇಕು ಅನ್ನೋದು ಬಹಳ ದಿನದ ಆಸೆ. ದುಡ್ಡಿಲ್ಲ, ನಟರಿಲ್ಲ. ಇರೋದು ಒಂದು ಫೋನು, ಒಂದು ಟ್ರೈಪಾಡು.

ಕಥೆ ಬರೆಯೋಣ ಅಂತ ಕೂತರೆ ತಲೆಗೆ ಬರೋದು ಬರೀ ಊಟ. ಪಿಜಿಯ ತಣ್ಣನೆ ಚಿತ್ರಾನ್ನ, ಆಫೀಸ್ ಕೆಳಗಿನ ತಟ್ಟೆ ಇಡ್ಲಿ ಗಾಡಿ, ಊರಲ್ಲಿ ದೊಡ್ಡಮ್ಮನ ಮುದ್ದೆ, ಅವರೆಕಾಳು ಸಾರು. ನನಗೆ ಜನ ನೆನಪಾಗೋದೇ ಅವರು ಮಾಡಿ ಹಾಕಿದ ಊಟದಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ ಅಂದುಕೊಂಡೆ.

ಹೋದ ತಿಂಗಳು ಊರಿಗೆ ಹೋದಾಗ ದೊಡ್ಡಮ್ಮ ಮುದ್ದೆ ಮಾಡೋದನ್ನ ಮೊದಲಿಂದ ಕೊನೆವರೆಗೂ ಶೂಟ್ ಮಾಡಿದೆ. ಹಿತ್ತಲ ಕಡೆ ಸೌದೆ ಒಲೆ. ಎಸರು ಕುದಿಯುತ್ತೆ, ಹಿಟ್ಟು ಬೀಳುತ್ತೆ, ಕವೆಗೋಲು ಒತ್ತಿ ಹಿಡಿದು ಕೋಲಲ್ಲಿ ತೊಳಸುತ್ತಾಳೆ, ಹಬೆ ಏಳುತ್ತೆ, ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟುತ್ತಾಳೆ. ನೋಡೋಕೆ ನಿಜಕ್ಕೂ ಚೆನ್ನಾಗಿದೆ. ಮೊದಲಲ್ಲಿ ಇಪ್ಪತ್ತು ನಿಮಿಷದಷ್ಟು ಸುಮ್ನೆ ನೀರು ಕುದಿಯೋದೇ ಇತ್ತು, ಏನೂ ಆಗಲ್ಲ, ಅವಳು ಎದ್ದು ಹೋಗ್ತಾಳೆ, ಬರ್ತಾಳೆ, ಇನ್ನೊಂದು ಚೊಂಬು ನೀರು ಸುರೀತಾಳೆ. ಅದನ್ನ ತೆಗೆದುಬಿಟ್ಟೆ. ಉಳಿದಿದ್ದು ನಾಲ್ಕು ನಿಮಿಷ.

ಪಿಜಿಯಲ್ಲಿ ಗೆಳತಿಗೆ ತೋರಿಸಿದೆ. "ಸೂಪರ್ ಕಣೆ, ಒಂದು ಜಾನಪದ ಹಾಡು ಹಾಕಿ ರೀಲ್ಸ್ ಬಿಡು" ಅಂದಳು. ಅವಳು ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಆದರೆ ನನಗೆ ರೀಲ್ಸ್ ಬೇಡ, ಸಿನಿಮಾ ಬೇಕು. ಅಡುಗೆ ವಿಡಿಯೋ ಎಲ್ಲಿಗೆ ನಿಲ್ಲುತ್ತೆ, ಸಿನಿಮಾ ಎಲ್ಲಿಂದ ಶುರುವಾಗುತ್ತೆ? ದಿನಾ ಉಣ್ಣೋ ಊಟದಿಂದ ನೀವು ಯಾರಾದರೂ ಏನಾದರೂ ಮಾಡಿದ್ದೀರಾ? ದಯವಿಟ್ಟು ಹೇಳಿ.

ಫೋಕಸ್_ಪುಲ್ಲರ್:

ಕಥೆ ವಿಷಯ ಬೇರೆಯವರು ಹೇಳ್ತಾರೆ. ನಾನು ಕ್ಯಾಮೆರಾದ್ದು ಹೇಳ್ತೀನಿ.

ಹಬೆ ಕಾಣಬೇಕು ಅಂದ್ರೆ ಬೆಳಕು ಹಿಂದಿನಿಂದ ಬರಬೇಕು, ಹಬೆಯ ಹಿಂದೆ ಕತ್ತಲಿರಬೇಕು. ಹಿತ್ತಲ ಬಾಗಿಲು ಚಿತ್ರದಲ್ಲಿ ಕಾಣದ ಹಾಗೆ ಕ್ಯಾಮೆರಾ ಇಡಿ, ಬಾಗಿಲ ಬೆಳಕು ಹಿಂದಿನಿಂದ ಓರೆಯಾಗಿ ಬರಲಿ. ಚಳಿಗಾಲದ ಬೆಳಿಗ್ಗೆ ಆದ್ರೆ ಹಬೆ ಇನ್ನೂ ದಟ್ಟ. ಫೋನಲ್ಲಿ ಎಕ್ಸ್‌ಪೋಷರ್ ಲಾಕ್ ಮಾಡಿ. ಇಲ್ಲದಿದ್ರೆ ಉರಿ ಎದ್ದಾಗೆಲ್ಲ ಫೋನು ತಾನೇ ಬೆಳಕು ಏರಿಸಿ ಇಳಿಸಿ ಹಾಳು ಮಾಡುತ್ತೆ. ಮನೆ ಒಳಗೆ ಟ್ಯೂಬ್‌ಲೈಟ್ ಇದ್ದರೆ ಶಟರ್ ಸ್ಪೀಡ್ 1/50 ಅಥವಾ 1/100 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಹೊಂದದ್ದು ಇಟ್ಟರೆ ಚಿತ್ರ ಮಿಣುಕಬಹುದು.

ಕಟ್ಟಿದ ಮುದ್ದೆಯ ಹೊಳಪು ಬೇಗ ಹೋಗುತ್ತೆ. ಗಾಳಿಗೆ ಮೇಲೆ ಸಿಪ್ಪೆ ಕಟ್ಟುತ್ತೆ. ತಟ್ಟೆಗೆ ಬಿದ್ದ ತಕ್ಷಣ ತೆಗೆಯಬೇಕಾದ ಶಾಟ್ ಯಾವುದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿರಿ.

ಕತ್ತರಿ_ಕೆಲಸ:

ತಂಗೀ, ನಾನು ಎಡಿಟರ್. ಊರು ರಾಣೆಬೆನ್ನೂರು, ಈಗ ಬೆಂಗಳೂರು. ಸೀರಿಯಲ್ಲು, ಡಾಕ್ಯುಮೆಂಟರಿ ಎರಡೂ ಕಟ್ ಮಾಡ್ತೀನಿ. ನಿನ್ನ ಬರಹ ಓದಿ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. "ಸುಮ್ನೆ ನೀರು ಕುದಿಯೋದೇ ಇತ್ತು, ಏನೂ ಆಗಲ್ಲ." ಆ ಇಪ್ಪತ್ತು ನಿಮಿಷ ಡಿಲೀಟ್ ಮಾಡಿದ್ದೀಯಾ, ಇಲ್ಲ ಟೈಮ್‌ಲೈನಿಂದ ಮಾತ್ರ ತೆಗೆದಿದ್ದೀಯಾ? ಫೋನಲ್ಲಿ ಇನ್ನೂ ಇದ್ದರೆ ದಯವಿಟ್ಟು ಇಟ್ಟುಕೋ.

ನನ್ನ ಪ್ರಶ್ನೆ ಇಷ್ಟೇ. ಎಸರು ಕುದೀತಾ ಇದೆ. ಹಿಟ್ಟು ಪಕ್ಕದಲ್ಲೇ ಇದೆ. ದೊಡ್ಡಮ್ಮ ಹಿಟ್ಟು ಹಾಕಲ್ಲ. ಎದ್ದು ಹೋಗ್ತಾಳೆ, ಬರ್ತಾಳೆ, ನೀರು ಇಂಗಿದೆ ಅಂತ ಇನ್ನೊಂದು ಚೊಂಬು ಸುರೀತಾಳೆ. ಯಾಕೆ? ಏನಕ್ಕೆ ಕಾಯ್ತಾ ಇದ್ದಾಳೆ? ಮುದ್ದೆ ಮಾಡೋರು ಯಾರೂ ಸುಮ್ನೆ ಸೌದೆ ಸುಟ್ಟುಕೊಂಡು ಕೂರಲ್ಲ. ಅವಳು ಎದ್ದು ಹೋಗಿದ್ದು ಎಲ್ಲಿಗೆ ಅಂತ ಒಂದ್ಸಲ ಕೇಳು.

ನಾನು ನಂಬಿರೋದು ಒಂದು ಮಾತಿದೆ. ಊಟದಿಂದ ಸಿನಿಮಾ ಹುಡುಕೋರು ರುಚಿ ಹಿಂದೆ, ಬಣ್ಣದ ಹಿಂದೆ ಹೋಗ್ತಾರೆ. ಪರದೆ ಮೇಲೆ ರುಚಿ ಬರಲ್ಲ, ವಾಸನೆ ಬರಲ್ಲ. ಬರೋದು ಹೊತ್ತು ಮಾತ್ರ. ಪ್ರತಿ ಅಡುಗೆಗೂ ಅದರದ್ದೇ ಒಂದು ಹೊತ್ತಿದೆ. ಎಷ್ಟು ಕಾಯುತ್ತೆ, ಎಲ್ಲಿ ಕಾಯಲ್ಲ, ಯಾವ ಘಳಿಗೆ ದಾಟಿದರೆ ಹಿಂದಕ್ಕೆ ಬರೋಕಾಗಲ್ಲ. ಆ ಘಳಿಗೆ ಗೊತ್ತಾದರೆ ಸೀನ್ ಸಿಕ್ಕಿತು ಅಂತ.

ನಮ್ಮ ಕಡೆ ರೊಟ್ಟಿ ತಗೋ. ಬಿಸಿ ರೊಟ್ಟಿ ಬೇರೆ, ಕಡಕ್ ರೊಟ್ಟಿ ಬೇರೆ. ಹಿಟ್ಟು ಒಂದೇ, ಹಂಚು ಒಂದೇ. ಜೋಳದ ಹಿಟ್ಟಲ್ಲಿ ಗೋಧಿಯ ಜಿಗುಟಿಲ್ಲ, ಅದಕ್ಕೇ ಕುದಿ ನೀರು ಹಾಕಿ ನಾದಬೇಕು, ನಾದಿದ ಮೇಲೆ ಬಿಸಿ ಆರೋದರೊಳಗೆ ತಟ್ಟಬೇಕು. ತಡ ಆಯ್ತೋ, ಅಂಚು ಸೀಳುತ್ತೆ. ಬಿಸಿ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ. ಖಾನಾವಳಿಯಲ್ಲಿ ನೋಡು, ಒಳಗೆ ತಟ್ಟೋ ಶಬ್ದ ನಿಲ್ಲೋ ಹಾಗಿಲ್ಲ, ಹೊರಗೆ ಉಣ್ಣೋರ ಕೈ ನಿಲ್ಲಲ್ಲ. ಅಡುಗೆಮನೆ ಮತ್ತು ಪಡಸಾಲೆ ನಡುವೆ ಓಡಾಡೋ ಹುಡುಗನೇ ಕಥಾನಾಯಕ. ಇಲ್ಲಿ ಕಥೆ ನಿಮಿಷಗಳದ್ದು.

ಅದೇ ರೊಟ್ಟಿಯನ್ನ ಒಣಗಿಸಿ ಕಡಕ್ ಮಾಡಿದರೆ ವಾರಗಟ್ಟಲೆ ಇರುತ್ತೆ. ಆಗ ಅದು ಪ್ರಯಾಣ ಮಾಡೋ ಊಟ. ನಮ್ಮಮ್ಮ ಇವತ್ತಿಗೂ ಹಳೇ ಸೀರೆ ತುಂಡಲ್ಲಿ ರೊಟ್ಟಿ ಅಡಕಿ ಕಟ್ಟಿ, ಶೇಂಗಾ ಚಟ್ನಿ ಪುಡಿ ಪೊಟ್ಟಣ ಮೇಲಿಟ್ಟು ರಾತ್ರಿ ಬಸ್ಸಿಗೆ ಕಳಿಸ್ತಾಳೆ. ಕಟ್ಟೋವಾಗ ಅವಳ ಕೈ ನೋಡಬೇಕು. ದೊಡ್ಡ ರೊಟ್ಟಿ ಕೆಳಗೆ, ಅಂಚು ಮುರಿದಿದ್ದು ಮಧ್ಯೆ, ಚೆನ್ನಾಗಿ ಬಂದಿದ್ದು ಮೇಲೆ. ಗಂಟು ಬಿಚ್ಚಿದ ಕೂಡಲೆ ಕಾಣೋದು ಒಳ್ಳೇದೇ ಆಗಿರಬೇಕು ಅಂತ. ಇಲ್ಲಿ ಕಥೆ ರಸ್ತೆಯದ್ದು, ದೂರದ್ದು. ಬಿಸಿ ರೊಟ್ಟಿಯ ಸಿನಿಮಾವನ್ನ ಕಡಕ್ ರೊಟ್ಟಿಯಲ್ಲಿ ತೆಗೆಯೋಕಾಗಲ್ಲ.

2013ರ 'ದಿ ಲಂಚ್‌ಬಾಕ್ಸ್' ಸಿನಿಮಾ ನೋಡಿರ್ತೀಯ. ಅದರ ನಿರ್ದೇಶಕ ರಿತೇಶ್ ಬಾತ್ರಾ ಮೊದಲು ಹೊರಟಿದ್ದು ಮುಂಬೈ ಡಬ್ಬಾವಾಲಾಗಳ ಮೇಲೆ ಡಾಕ್ಯುಮೆಂಟರಿ ಮಾಡೋಕೆ. ಅವರ ಜೊತೆ ಓಡಾಡಿದ ಮೇಲೆ ಕಥೆ ಬಂತು. ಅಲ್ಲೂ ಮುಖ್ಯ ಆಗೋದು ಡಬ್ಬಿ ಮನೆ ಬಿಟ್ಟು ಮೇಜು ಸೇರೋವರೆಗಿನ ಹಾದಿ. ಆ ಹಾದಿ ಒಂದು ಕಡೆ ತಪ್ಪುತ್ತೆ, ಅಷ್ಟೇ, ಸಿನಿಮಾ ಶುರು.

ಇನ್ನೊಂದು ಉದಾಹರಣೆ ಹೇಳಲೇಬೇಕು, ನನಗೆ ತುಂಬಾ ಹತ್ತಿರದ್ದು. ಬೆಲ್ಜಿಯಂನ ಶಾಂತಾಲ್ ಅಕರ್‌ಮನ್ 1975ರಲ್ಲಿ 'ಜಾನ್ ಡೀಲ್ಮನ್' ಅಂತ ಒಂದು ಸಿನಿಮಾ ಮಾಡಿದಳು. ಮೂರು ಗಂಟೆ ಇಪ್ಪತ್ತು ನಿಮಿಷದ್ದು. ಒಬ್ಬ ವಿಧವೆ, ಒಬ್ಬ ಮಗ, ಒಂದು ಫ್ಲಾಟು. ಮೂರು ದಿನದ ಮನೆಗೆಲಸ. ಕ್ಯಾಮೆರಾ ಅಲುಗಲ್ಲ. ಅವಳು ಆಲೂಗಡ್ಡೆ ಸಿಪ್ಪೆ ಸುಲಿದರೆ ಸುಲಿಯೋಷ್ಟು ಹೊತ್ತೂ ನಾವು ನೋಡಬೇಕು. ಮೊದಲ ದಿನ ಎಲ್ಲವೂ ಗಡಿಯಾರದ ಹಾಗೆ ನಡೆಯುತ್ತೆ. ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಬಿಡುತ್ತೆ. ಅಷ್ಟೇ. ಪಾತ್ರೆ ಕೈಯಲ್ಲಿ ಹಿಡಿದುಕೊಂಡು ಅವಳು ಕೋಣೆಯಿಂದ ಕೋಣೆಗೆ ಹೋಗ್ತಾಳೆ, ಎಲ್ಲಿಡಬೇಕು ಅಂತ ಗೊತ್ತಾಗದೆ. ಬೇರೆ ಸಿನಿಮಾದಲ್ಲಿ ಕೊಲೆ ನಡೆದರೂ ನಾನು ಅಷ್ಟು ಗಾಬರಿ ಆಗಿಲ್ಲ. ಮೊದಲ ದಿನದ ಆಲೂಗಡ್ಡೆಯನ್ನ "ಏನೂ ಆಗಲ್ಲ" ಅಂತ ಕತ್ತರಿಸಿದ್ದರೆ ಎರಡನೇ ದಿನದ ಆಲೂಗಡ್ಡೆಗೆ ಬೆಲೆಯೇ ಇರ್ತಿರಲಿಲ್ಲ. 2022ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಎಲ್ಲ ಕಾಲದ ಶ್ರೇಷ್ಠ ಸಿನಿಮಾ ಯಾವುದು ಅಂತ ವಿಮರ್ಶಕರ ಮತ ಕೇಳಿದಾಗ ಇದೇ ಮೊದಲ ಸ್ಥಾನಕ್ಕೆ ಬಂತು.

ನಮ್ಮ ದೇಶದ ಸಿನಿಮಾ ಚರಿತ್ರೆಯಲ್ಲೂ ಇದೇ ಹೊತ್ತಿನ ಕೆಲಸ ಇದೆ. ದಾದಾಸಾಹೇಬ್ ಫಾಲ್ಕೆ 'ರಾಜಾ ಹರಿಶ್ಚಂದ್ರ'ಕ್ಕೂ ಮೊದಲು, 1912ರಲ್ಲಿ, ಒಂದು ಬಟಾಣಿ ಕಾಳನ್ನ ಕುಂಡದಲ್ಲಿ ನೆಟ್ಟು ಅದು ಮೊಳಕೆ ಬಂದು ಬಳ್ಳಿಯಾಗೋವರೆಗೆ ದಿನಕ್ಕಿಷ್ಟು ಅಂತ ಚಿತ್ರ ತೆಗೆದರು. ಆ ಪುಟ್ಟ ಫಿಲ್ಮ್ ತೋರಿಸಿಯೇ ದುಡ್ಡು ಹಾಕೋರನ್ನ ಒಪ್ಪಿಸಿದ್ದು. ಅಡುಗೆಮನೆ ಡಬ್ಬದಲ್ಲಿರೋ ಕಾಳು, ಅದರ ಜೊತೆ ಕಾಯೋ ತಾಳ್ಮೆ. ಅವರ ಹತ್ತಿರ ಆಗ ಇದ್ದಿದ್ದು ಹೆಚ್ಚುಕಮ್ಮಿ ಅಷ್ಟೇ.

ಎಡಿಟಿಂಗ್ ಕಲಿಯೋರಿಗೆಲ್ಲ ಮೊದಲು ಹೇಳಿಕೊಡೋ ಪಾಠದಲ್ಲೂ ಒಂದು ಬಟ್ಟಲು ಸೂಪ್ ಇದೆ. ರಷ್ಯಾದ ನಿರ್ದೇಶಕ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನ ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿ ತೋರಿಸಿದ. ಸೂಪಿನ ಪಕ್ಕ ಇಟ್ಟಾಗ ಜನ ಆ ಮುಖದಲ್ಲಿ ಹಸಿವು ಕಂಡರು, ಶವಪೆಟ್ಟಿಗೆ ಪಕ್ಕ ಇಟ್ಟಾಗ ದುಃಖ ಕಂಡರು. ಮುಖ ಬದಲಾಗಿರಲಿಲ್ಲ. ನಿನ್ನ ವಿಷಯಕ್ಕೆ ಬಂದರೆ, ದೊಡ್ಡಮ್ಮ ನಟಿಸಬೇಕಿಲ್ಲ. ಕುದಿಯೋ ಎಸರು, ಆಮೇಲೆ ಅವಳ ಮುಖ, ಆಮೇಲೆ ಖಾಲಿ ರಸ್ತೆ. ಇಷ್ಟು ಜೋಡಿಸಿದರೆ ನೋಡೋರು ಉಳಿದಿದ್ದು ತುಂಬಿಕೊಳ್ತಾರೆ. ರಸ್ತೆ ಅಂತ ನಾನು ಊಹೆ ಮೇಲೆ ಹೇಳ್ತಿದ್ದೀನಿ. ಅವಳು ನೋಡಿದ್ದು ಏನು ಅಂತ ನೀನೇ ಹೇಳಬೇಕು.

ಕೊಪ್ಪಳ_ಮಾಸ್ತರ:

ಕತ್ತರಿ ಅಣ್ಣಾರ ಮಾತು ಖರೆ ಅದ. ನಮ್ಮ ಶಾಲೆ ಮಕ್ಕಳ ಜೊತೆ ನಡೆದಿದ್ದು ಹೇಳ್ತೀನಿ, ನಿಮಗ ಉಪಯೋಗ ಆಗಬಹುದು.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಶಿಕ್ಷಕ. ಏಳನೇ ತರಗತಿ ಮಕ್ಕಳಿಗೆ ನನ್ನ ಫೋನ್ ಕೊಟ್ಟು "ಬಿಸಿಯೂಟದ ಮೇಲೆ ಒಂದು ಸಿನಿಮಾ ಮಾಡ್ರಿ" ಅಂದೆ. ನನ್ನ ತಲೆಯಲ್ಲಿದ್ದಿದ್ದು ಅಡುಗೆ ಕೋಣೆ, ದೊಡ್ಡ ಪಾತ್ರೆ, ಹೆಚ್ಚಿಟ್ಟ ತರಕಾರಿ, ಅನ್ನ, ಸಾರು. ಮಕ್ಕಳು ಅಲ್ಲಿಗೆ ಹೋಗಲೇ ಇಲ್ಲ. ಒಬ್ಬ ಹುಡುಗಿ ಫೋನನ್ನ ನೆಲದ ಮೇಲೆ, ತಟ್ಟೆಯ ಎತ್ತರಕ್ಕೆ ಇಟ್ಟಳು. ಸಾಲಿನಲ್ಲಿ ಕೂತಾಗ ಅವರಿಗೆ ಕಾಣೋದು ಹಾಗೆಯೇ ಅಲ್ವಾ? ಚಿತ್ರದಲ್ಲಿ ಬಡಿಸೋರ ಮುಖವೇ ಇಲ್ಲ. ಸೀರೆ ನೆರಿಗೆ, ಬಕೆಟ್ಟು, ಸವಟು, ಬಳೆ. ಸವಟು ಕೆಳಗೆ ಬರುತ್ತೆ, ಮೇಲೆ ಹೋಗುತ್ತೆ, ಮುಂದಿನ ತಟ್ಟೆಗೆ ಹೋಗುತ್ತೆ. ನಾನು ಇಷ್ಟು ವರ್ಷ ನಿಂತು ನೋಡಿದವನು. ಕೂತು ನೋಡಿದರೆ ಬಿಸಿಯೂಟ ಹೀಗೆ ಕಾಣುತ್ತೆ ಅಂತ ಗೊತ್ತಾಗಿದ್ದು ಅವತ್ತೇ.

ಇನ್ನು ಕಥೆ. ಶಾಲೆಯಲ್ಲಿ ಮೊಟ್ಟೆ ಕೊಡೋ ದಿನ ಎರಡು ಸಾಲು. ಮೊಟ್ಟೆ ತಿನ್ನೋರು ಒಂದು ಕಡೆ, ಬಾಳೆಹಣ್ಣು ತಗೊಳ್ಳೋರು ಒಂದು ಕಡೆ. ಮಕ್ಕಳು ತಾವೇ ಕಥೆ ಕಟ್ಟಿದರು. ಒಬ್ಬ ಹುಡುಗ ದಿನಾ ಬಾಳೆಹಣ್ಣಿನ ಸಾಲಿನಲ್ಲಿ ನಿಲ್ಲೋನು, ಇವತ್ತು ಎರಡೂ ಸಾಲಿನ ನಡುವೆ ನಿಂತಿದ್ದಾನೆ. ಮೊಟ್ಟೆ ಸಾಲು ಮುಂದಕ್ಕೆ ಸರೀತಾ ಇದೆ. ಗೆಳೆಯ ಕೈ ಹಿಡಿದು ಎಳೀತಾನೆ. ಅಕ್ಕ ಅದೇ ಶಾಲೆಯಲ್ಲಿ, ಬಾಳೆಹಣ್ಣಿನ ಸಾಲಿನಿಂದ ನೋಡ್ತಾ ಇದ್ದಾಳೆ. ಅವನು ಯಾವ ಕಡೆ ಹೋದ ಅಂತ ಮಕ್ಕಳು ತೋರಿಸಲಿಲ್ಲ. ನಾನು "ಯಾಕ್ರಪ್ಪಾ ತೋರಿಸಲಿಲ್ಲ?" ಅಂದರೆ, "ಸರ್, ತೋರಿಸಿದ್ರ ಅವರ ಮನ್ಯಾಗ ಬೈತಾರ" ಅಂದರು. ಅದು ಕಟ್ಟಿದ ಕಥೆ, ನಟಿಸಿದ ಹುಡುಗನ ಮನೆ ಬೇರೆ ತರ, ಅದು ಮಕ್ಕಳಿಗೂ ಗೊತ್ತು. ಆದರೂ ಕಥೆಯೊಳಗಿನ ಹುಡುಗನನ್ನ ಕಾಪಾಡಿದರು. ಇದನ್ನ ನಾನು ಯಾವತ್ತೂ ಮರೆಯಲ್ಲ.

ಒಂದು ಮೊಟ್ಟೆ, ಒಂದು ಬಾಳೆಹಣ್ಣು. ಎಲ್ಲ ಶಾಲೆಯಲ್ಲೂ ಕಾಣೋ ವಸ್ತು. ಅದರೊಳಗೆ ಮನೆ, ಜಾತಿ, ಗೆಳೆತನ, ಹಸಿವು ಎಲ್ಲ ಇದೆ. ನಿಮ್ಮ ಮುದ್ದೆಯಲ್ಲೂ ಇರಲೇಬೇಕು.

ಶಬ್ದ_ಹಿಡಿಯುವವ:

ಎಲ್ಲರೂ ಚಿತ್ರದ ಬಗ್ಗೆ ಹೇಳಿದರು, ನಾನು ಕಿವಿ ಕಡೆಯಿಂದ. ಸೌಂಡ್ ರೆಕಾರ್ಡಿಸ್ಟ್ ನಾನು.

ದಯವಿಟ್ಟು ಜಾನಪದ ಹಾಡು ಹಾಕಬೇಡಿ. ಮುದ್ದೆಗೆ ಅದರದ್ದೇ ಶಬ್ದ ಇದೆ. ಎಸರು ಇಟ್ಟಾಗ ಮೊದಲು ಸಣ್ಣಗೆ ಸುಂಯ್ ಅನ್ನುತ್ತೆ. ಆಮೇಲೆ ಕೊತಕೊತ. ಹಿಟ್ಟು ಬಿದ್ದ ಕೂಡಲೆ ಆ ಕೊತಕೊತ ಮುಚ್ಚಿಹೋಗಿ, ದಪ್ಪಗೆ ಬುಳುಕ್ ಬುಳುಕ್ ಅನ್ನೋಕೆ ಶುರು. ತೊಳಸೋವಾಗ ಕೋಲು ಪಾತ್ರೆಯ ಅಂಚಿಗೆ ತಾಗಿ ಟಕ್ ಅನ್ನುತ್ತೆ, ದೊಡ್ಡಮ್ಮನ ಉಸಿರು ಅದರ ತಾಳಕ್ಕೆ ಬರುತ್ತೆ. ಕಣ್ಣು ಮುಚ್ಚಿ ಕೇಳಿದರೂ ಯಾವ ಹಂತ ಅಂತ ಗೊತ್ತಾಗುತ್ತೆ.

2021ರಲ್ಲಿ ಬಂದ ಜಿಯೋ ಬೇಬಿ ಅವರ ಮಲಯಾಳಂ ಸಿನಿಮಾ 'ದಿ ಗ್ರೇಟ್ ಇಂಡಿಯನ್ ಕಿಚನ್' ನೋಡಿದ್ದರೆ ಇನ್ನೊಮ್ಮೆ ಶಬ್ದಕ್ಕೋಸ್ಕರ ನೋಡಿ. ಹಿನ್ನೆಲೆ ಸಂಗೀತದ ಹಂಗಿಲ್ಲದೆ ಹೆಚ್ಚುವುದು, ತುರಿಯುವುದು, ತೊಳೆಯುವುದು, ಸಿಂಕಿನ ಕೆಳಗೆ ಸೋರುವ ನೀರು, ಇಷ್ಟರಲ್ಲೇ ಉಸಿರು ಕಟ್ಟುತ್ತೆ. ಮೊದಲಿಗೆ ಹಿತವಾಗಿ ಕೇಳಿದ ಅದೇ ಶಬ್ದ ಆಮೇಲೆ ತಡೆಯೋಕಾಗಲ್ಲ.

ಮಾಡಬೇಕಾದ್ದು ಸುಲಭ. ಎರಡನೇ ಫೋನ್ ಇದ್ದರೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಒಲೆಯಿಂದ ಒಂದು ಮೊಳ ದೂರ, ಗಾಳಿ ತಾಗದ ಕಡೆ ಇಟ್ಟು ಶಬ್ದ ಬೇರೆಯಾಗಿ ತಗೊಳ್ಳಿ. ಫ್ಯಾನು, ಫ್ರಿಜ್ಜು ಆರಿಸಿ. ಯಾರೂ ಮಾತಾಡದೆ ಆ ಜಾಗದ ಬರೀ ಸದ್ದು ಒಂದು ನಿಮಿಷ ರೆಕಾರ್ಡ್ ಮಾಡಿ, ಎಡಿಟಿಂಗ್‌ನಲ್ಲಿ ಕಟ್ ಮುಚ್ಚೋಕೆ ಅದು ಬೇಕೇ ಬೇಕು. ಕೋಳಿ, ನಾಯಿ, ಪಕ್ಕದ ಮನೆ ಟಿವಿ ಬಂದರೆ ಬರಲಿ.

ಮಧುಗಿರಿ_ಹುಡುಗಿ:

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮಾಸ್ತರೇ, ನಿಮ್ಮ ಮಕ್ಕಳ ಕಥೆಯನ್ನ ಪಿಜಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಕತ್ತರಿ ಅಣ್ಣ, ಕ್ಲಿಪ್ ಡಿಲೀಟ್ ಆಗಿಲ್ಲ, ಫೋನಲ್ಲೇ ಇದೆ. ನಿನ್ನೆ ರಾತ್ರಿ ಪೂರ್ತಿ ಕೂತು ನೋಡಿದೆ. ಆಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಎಸರು ಕುದೀತಿದ್ರೂ ಹಿಟ್ಟು ಯಾಕ್ ಹಾಕ್ಲಿಲ್ಲ ದೊಡ್ಡಮ್ಮ?" ಅಂದೆ. "ಬಸ್ ಬಂದಿರ್ಲಿಲ್ವಲ್ಲೇ" ಅಂದಳು. ಎಷ್ಟು ಸಲೀಸಾಗಿ!

ಅಣ್ಣ, ಅಂದ್ರೆ ದೊಡ್ಡಮ್ಮನ ಮಗ, ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಸಂಜೆ ಬಸ್ಸಿಗೆ ಬರ್ತಾನೆ. ನಮ್ಮೂರ ಕೆರೆ ಏರಿ ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆಯುತ್ತೆ. ಅದು ಕೇಳಿದ ಮೇಲೇ ಹಿಟ್ಟು ಹಾಕೋದು. ಅವನು ಸ್ಟಾಪಿಂದ ನಡೆದು ಬಂದು ಕೈಕಾಲು ತೊಳೆಯೋಷ್ಟರಲ್ಲಿ ಮುದ್ದೆ ತಟ್ಟೆಗೆ. ಮುದ್ದೆ ಆರಿದರೆ ಗಂಟಲಲ್ಲಿ ಇಳಿಯಲ್ಲ ಅಂತಾನೆ. ಅವನು ಬಸ್ ಹತ್ತಿದಾಗ ಫೋನೂ ಮಾಡ್ತಾನೆ. ಆದ್ರೆ ಅವಳು ಫೋನ್ ನೆಚ್ಚಿಕೊಂಡು ಹಿಟ್ಟು ಹಾಕಲ್ಲ. "ಹತ್ತಿದ್ದು ಅವ್ನು ಹೇಳ್ತಾನೆ. ಬಂದಿದ್ದು ಹಾರ್ನ್ ಹೇಳ್ತದೆ" ಅಂತಾಳೆ.

ಕ್ಲಿಪ್‌ನಲ್ಲಿ ಹಾರ್ನ್ ಇದೆ! ಸಣ್ಣಗೆ. ನಾನು ಗಮನಿಸಿರಲೇ ಇಲ್ಲ. ಹಾರ್ನ್ ಆದ ತಕ್ಷಣ ಅವಳ ಕೈ ಹಿಟ್ಟಿನ ಡಬ್ಬಕ್ಕೆ ಹೋಗುತ್ತೆ.

ಈಗ ನನ್ನ ಪ್ರಶ್ನೆ ಎರಡು. ಒಂದು, ಬಸ್ಸು ಬರದೇ ಇರೋ ಒಂದು ದಿನ ಅಂತ ಕಥೆ ಮಾಡಬೇಕಾ? ಎರಡು, ಅಣ್ಣ ಉಣ್ಣೋದನ್ನ ತೋರಿಸಬೇಕಾ?

ದೊಡ್ಡಪ್ಪ ಇನ್ನೊಂದು ಹೇಳ್ತಿದ್ದರು, ಅವರ ಕಾಲದಲ್ಲಿ ರಾಗಿಯನ್ನ ಹಗೇವಲ್ಲಿ, ನೆಲದೊಳಗಿನ ಗುಂಡಿಯಲ್ಲಿ, ವರ್ಷಗಟ್ಟಲೆ ಇಡ್ತಿದ್ದರಂತೆ. ಹುಳ ಬೀಳ್ತಿರಲಿಲ್ಲವಂತೆ. ಇದನ್ನೂ ಸೇರಿಸಲಾ?

ಕತ್ತರಿ_ಕೆಲಸ:

ತಂಗೀ, ಆ ಮಾತು ಕೇಳಿ ಮೈ ಜುಂ ಅಂತು. "ಹತ್ತಿದ್ದು ಅವ್ನು ಹೇಳ್ತಾನೆ, ಬಂದಿದ್ದು ಹಾರ್ನ್ ಹೇಳ್ತದೆ." ಸಂಭಾಷಣೆ ಬರೆಯೋರು ವರ್ಷ ಕೂತರೂ ಇದು ಬರಲ್ಲ. ಆದರೆ ಸಿನಿಮಾದಲ್ಲಿ ಇದನ್ನ ಅವಳ ಬಾಯಲ್ಲಿ ಹೇಳಿಸಬೇಡ. ಫೋನ್ ರಿಂಗ್ ಆಗಲಿ, "ಹತ್ತಿದೆ ಕಣಮ್ಮ" ಅನ್ನೋದು ಕೇಳಲಿ, ಅವಳು "ಹೂಂ" ಅಂದು ಫೋನ್ ಇಟ್ಟು ಸೌದೆ ಒಂದು ಹಿಂದಕ್ಕೆ ಎಳೆಯಲಿ. ಹಿಟ್ಟು ಮುಟ್ಟದೇ ಇರಲಿ. ಅಷ್ಟಕ್ಕೇ ಎಲ್ಲ ಗೊತ್ತಾಗುತ್ತೆ.

ಬಸ್ಸು ಬರದ ದಿನದ ಬಗ್ಗೆ. ಆಸೆ ಆಗೋದು ಸಹಜ. ಆದರೆ ಆಕ್ಸಿಡೆಂಟು, ಅಳು, ಆಸ್ಪತ್ರೆ ಬೇಡ. ಆ ದಾರಿ ಹಿಡಿದರೆ ಮುದ್ದೆ ಮರೆತುಹೋಗುತ್ತೆ. ತಡ ಸಾಕು. ನಿನ್ನ ಕೈಯಲ್ಲಿ ಹತ್ತೇ ನಿಮಿಷ ಇದೆ. ಎರಡು ಸಂಜೆ ತೋರಿಸು. ಮೊದಲ ಸಂಜೆ ಎಲ್ಲ ಸರಿಯಾಗಿ ನಡೆಯಲಿ: ಎಸರು, ಹಾರ್ನ್, ಹಿಟ್ಟು, ಕಾಲು ತೊಳೆಯೋ ಶಬ್ದ, ತಟ್ಟೆ. ಇದನ್ನ ಮೂರು ನಿಮಿಷದಲ್ಲಿ ಮುಗಿಸು. ನೋಡೋರಿಗೆ ಹಾರ್ನ್ ಅಂದ್ರೆ ಹಿಟ್ಟು ಅಂತ ಅಭ್ಯಾಸ ಆಗಬೇಕು. ಎರಡನೇ ಸಂಜೆ ಹಾರ್ನ್ ಬರಲ್ಲ. ಚೊಂಬಿನಲ್ಲಿ ನೀರು ಬೀಳ್ತಾನೇ ಇರುತ್ತೆ. ಇಲ್ಲಿ ಕತ್ತರಿ ಹಾಕಬೇಡ, ನೀನು ತೆಗೆದುಹಾಕಿದ ಆ ಕುದಿಯೋ ನೀರಿಗೆ ಇಲ್ಲಿ ಆದಷ್ಟು ಹೊತ್ತು ಕೊಡು. ದೊಡ್ಡಪ್ಪ ಒಳಗಿಂದ "ಹಾಕಮ್ಮಿ ಇನ್ನ, ಹಸಿವಾಯ್ತದೆ" ಅನ್ನಬಹುದು. ಅವಳಿಗೀಗ ನಿಜವಾದ ಇಕ್ಕಟ್ಟು. ಒಬ್ಬರು ಹಸಿದು ಕೂತಿದ್ದಾರೆ, ಇನ್ನೊಬ್ಬರು ದಾರಿಯಲ್ಲಿದ್ದಾರೆ, ಮುದ್ದೆ ಒಂದೇ ಸಲ ಆಗೋದು. ಅವಳು ಏನು ಮಾಡ್ತಾಳೆ ಅಂತ ನಾನು ಹೇಳಲ್ಲ. ನೀನೂ ಊಹೆ ಮಾಡಬೇಡ. ಅವಳನ್ನೇ ಕೇಳು, ಇಂಥ ದಿನ ಬಂದಾಗ ಏನು ಮಾಡಿದ್ದಳು ಅಂತ. ಅವಳು ಹೇಳಿದ್ದನ್ನೇ ಶೂಟ್ ಮಾಡು.

ಉಣ್ಣೋ ಸೀನು ಇಡು, ಆದರೆ ಅದು ಎಡಿಟರಿಗೆ ಅತಿ ಕಷ್ಟದ ಸೀನು. ಮುದ್ದೆ ಮುರಿದ ಮೇಲೆ ಪ್ರತಿ ತುತ್ತಿಗೂ ಅದರ ಆಕಾರ ಬದಲಾಗುತ್ತೆ, ಸಾರು ಇಳಿಯುತ್ತೆ, ಕೈ ಅಂಟಾಗುತ್ತೆ. ಎರಡು ಶಾಟ್ ಜೋಡಿಸಿದಾಗ ಅರ್ಧ ಆದ ಮುದ್ದೆ ಮತ್ತೆ ದೊಡ್ಡದಾಗಿ ಕಂಡರೆ ಎಲ್ಲ ಹೋಯ್ತು. ಹಾಗಾಗಿ ಅಣ್ಣ ಉಣ್ಣೋದನ್ನ ಒಂದೇ ಶಾಟ್‌ನಲ್ಲಿ, ನಿಲ್ಲಿಸದೆ ತಗೋ. ಅವನು ನಿಜಕ್ಕೂ ಹಸಿದು ಬಂದ ದಿನವೇ ತಗೋ, ಹಸಿದವರು ಉಣ್ಣೋದೇ ಬೇರೆ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗೋ ಆ ರೀತಿ ಬೇರೆ ಕಡೆಯವರಿಗೆ ಹೊಸದು, ಅದನ್ನ ವಿವರಿಸೋಕೆ ಹೋಗಬೇಡ, ಸುಮ್ನೆ ತೋರಿಸು.

ಹಗೇವು ಈ ಸಿನಿಮಾಕ್ಕೆ ಬೇಡ. ಅದು ವರ್ಷಗಟ್ಟಲೆಯ ಹೊತ್ತು, ಇದು ಹತ್ತು ನಿಮಿಷದ್ದು. ಎರಡನ್ನೂ ಒಂದೇ ಪಾತ್ರೆಗೆ ಹಾಕಬೇಡ. ಆದರೆ ದೊಡ್ಡಪ್ಪನನ್ನ ಕೂರಿಸಿ ಹಗೇವು ತೋಡೋದು, ಬಾಯಿ ಮುಚ್ಚೋದು, ತೆಗೆದಾಗ ಇಳಿಯೋಕೆ ಮುಂಚೆ ಏನು ನೋಡ್ತಿದ್ದರು, ಎಲ್ಲ ಹೇಳಿಸಿ ರೆಕಾರ್ಡ್ ಮಾಡಿಟ್ಟುಕೋ. ಅದು ಇನ್ನೊಂದು ಸಿನಿಮಾ, ನನಗೂ ನೋಡೋ ಆಸೆ.

ಫೋಕಸ್_ಪುಲ್ಲರ್:

ಎರಡು ಸಂಜೆಗೂ ಟ್ರೈಪಾಡ್ ಒಂದೇ ಜಾಗದಲ್ಲಿ ಇಡಿ. ಕಾಲಿಟ್ಟ ಕಡೆ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ಚಿತ್ರ ಅದೇ, ಹಾರ್ನ್ ಮಾತ್ರ ಇಲ್ಲ ಅಂದಾಗ ತಡ ಆಗಿದ್ದು ಜಾಸ್ತಿ ತಟ್ಟುತ್ತೆ. ಎರಡನೇ ಸಂಜೆಗೆ ಬೆಳಕು ಪೂರ್ತಿ ಇಳಿಯೋವರೆಗೆ ರೆಕಾರ್ಡಿಂಗ್ ನಿಲ್ಲಿಸಬೇಡಿ, ಕತ್ತಲಾಗ್ತಾ ಒಲೆ ಉರಿಯೇ ಅವಳ ಮುಖಕ್ಕೆ ಬೆಳಕಾಗುತ್ತೆ. ಫೋನಲ್ಲಿ ಜಾಗ ಖಾಲಿ ಮಾಡಿಕೊಂಡು, ಪವರ್ ಬ್ಯಾಂಕ್ ಇಟ್ಟುಕೊಂಡು ಹೋಗಿ.

ಶಬ್ದ_ಹಿಡಿಯುವವ:

ಹಾರ್ನ್ ಬೇರೆಯಾಗಿ ಬೇಕು. ಕೆರೆ ಏರಿ ಹತ್ತಿರ ನಿಂತು ಒಂದು, ಹಿತ್ತಲಿಂದ ಒಂದು, ಎರಡೂ ತಗೊಳ್ಳಿ. ಸಿನಿಮಾದಲ್ಲಿ ಹಿತ್ತಲಿಂದ ಕೇಳೋದನ್ನೇ ಬಳಸಿ, ದೂರದ್ದು, ದೊಡ್ಡಮ್ಮನಿಗೆ ಕೇಳೋ ಹಾಗೆ. ಬೇರೆ ಲಾರಿ, ಟ್ರ್ಯಾಕ್ಟರ್ ಹಾರ್ನ್ ಕೂಡ ನಾಲ್ಕೈದು ರೆಕಾರ್ಡ್ ಮಾಡಿ. ಎರಡನೇ ಸಂಜೆ ಒಂದು ಲಾರಿ ಹಾರ್ನ್ ಬಂದು, ಅವಳ ಕೈ ಡಬ್ಬದವರೆಗೂ ಹೋಗಿ ನಿಂತರೆ ಹೇಗಿರುತ್ತೆ ನೋಡಿ.

ಮಧುಗಿರಿ_ಹುಡುಗಿ:

ಅಯ್ಯೋ, ಆ ಲಾರಿ ಹಾರ್ನ್ ಇಡ್ತೀನಿ ಸರ್, ಖಂಡಿತ. ದೊಡ್ಡಮ್ಮನಿಗೆ ಎಲ್ಲ ಹೇಳಿದೆ. "ಎಲ್ರಿಗೂ ಕಾಣೋಹಂಗೆ ಹಾಕ್ತೀಯಾ?" ಅಂದಳು. ಹೂಂ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾರೆ ಒಲೆ ಸಾರಿಸಿರ್ತೀನಿ, ಶನಿವಾರ ಬಾ" ಅಂದಳು. ಒಲೆ ಈಗಿರೋ ಹಾಗೇ ಇರಲಿ ಅಂತ ಒಪ್ಪಿಸಬೇಕು, ಅದೇ ದೊಡ್ಡ ಕೆಲಸ. ತಡವಾದ ದಿನ ಏನು ಮಾಡ್ತಿದ್ದೆ ಅಂತನೂ ಕೇಳಿದೆ. ಉತ್ತರ ಸಿಕ್ಕಿದೆ. ಅದನ್ನ ಇಲ್ಲಿ ಬರೆಯಲ್ಲ, ರಫ್ ಕಟ್, ಅಂದ್ರೆ ಮೊದಲ ಕಚ್ಚಾ ಜೋಡಣೆ, ಆದ ಮೇಲೆ ನೀವೇ ನೋಡಿ ಹೇಳಿ.